ಹತ್ತು ನಿಮಿಷಕ್ಕೊಂದು ಪ್ರಶ್ನೆ

ಮಾರ್ಚ್ ತಿಂಗಳ ಎರಡನೆಯ ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ಸರೋವರ ಅಧ್ಯಯನ ಕೇಂದ್ರದ ಚರಿತ್ರೆಯಲ್ಲಿ ದಪ್ಪಕ್ಷರದಲ್ಲಿ ನಮೂದಾಗಬೇಕಾದ ಸಂಗತಿಯೊಂದು ಘಟಿಸಿತು: ಸೊನ್ನೆ ಇರಬೇಕಾದ ಜಾಗದಲ್ಲಿ ಒಂದು ಇತ್ತು. ಕೇಂದ್ರದ ಉಳಿದ ಇಪ್ಪತ್ತೆರಡು ಮಂದಿ ಆ ಹೊತ್ತಿಗೆ ತಮ್ಮ ಕಾರುಗಳ ಗಾಜಿನ ಮೇಲಿನ ಹಿಮ ಕೆರೆದು ಬಂದು, ಕೈ ಉಜ್ಜಿಕೊಳ್ಳುತ್ತ, ಕಾಫಿಯ ಸುತ್ತ ನಿಂತಿದ್ದರಿಂದ ಈ ಮಹತ್ವದ ಘಳಿಗೆಗೆ ಸಾಕ್ಷಿಯಾದವನು ಆರ್ವಿಡ್ ಕೊಸ್ಕೆಲಾ ಒಬ್ಬನೇ. ಆರ್ವಿಡ್ ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು, ಐವತ್ತೆಂಟು ವರ್ಷದವನು, ತನ್ನ ಕೆಲಸದ ಬಗ್ಗೆ ಯಾರಾದರೂ ವಿಚಾರಿಸಿದರೆ ಉತ್ತರ ಉದ್ದವಾಗುತ್ತದೆಂದು ಜನ ವಿಚಾರಿಸುವುದನ್ನೇ ಬಿಟ್ಟಿದ್ದಂಥವನು. ಅವನ ಮುಂದಿನ ಕಪ್ಪು ಪರದೆಯ ಮೇಲೆ ಎರಡು ಸಾಲು ಅಂಕಿಗಳಿದ್ದವು. ‘ಎನ್‌ಎಫ್‌ಎಸ್‌ಸ್ಟಾಟ್’ ಎಂದು ಟೈಪ್ ಮಾಡಿದರೆ ಬರುವ ಅಂಕಿಗಳು ಅವು. ದೂರದ ಕಂಪ್ಯೂಟರುಗಳು ಸರ್ವರಿನಲ್ಲಿಟ್ಟ ಫೈಲುಗಳನ್ನು ತಮ್ಮವೇ ಎಂಬಂತೆ ಬಳಸುವಾಗ, ಎಷ್ಟು ಸಲ ಓದಿದವು, ಎಷ್ಟು ಸಲ ಬರೆದವು, ಎಷ್ಟು ಸಲ ಬಾಗಿಲ ಬಳಿ ನಿಂತು ವಿಚಾರಿಸಿ ಹೋದವು ಎಂಬುದನ್ನು ಅದು ಯಾರ ಹೆಸರನ್ನೂ ಎತ್ತದೆ ಹೇಳುತ್ತದೆ. ಈ ಕೊನೆಯ ಬಗೆಗೆ ‘ಗೆಟ್‌ಆಟರ್’ ಎಂದು ಹೆಸರು. ಫೈಲಿನೊಳಗೆ ಏನಿದೆ ಎಂದು ಅದು ಕೇಳುವುದಿಲ್ಲ. ಇದೆಯಾ, ಹಿಂದಿನ ಸಲ ನೋಡಿದ ಮೇಲೆ ಬದಲಾಗಿದೆಯಾ, ಅಷ್ಟೇ. ಓದು ಸೊನ್ನೆ, ಬರಹ ಸೊನ್ನೆ. ವಿಚಾರಣೆ ಒಂದು.

ಆ ಸರ್ವರಿನ ಹೆಸರು ಸ್ಟರ್ಜನ್. ಕೇಂದ್ರದ ಯಂತ್ರಗಳಿಗೆಲ್ಲ ಸರೋವರದ ಮೀನುಗಳ ಹೆಸರಿಡುವುದು ವಾಡಿಕೆ. ನೂರು ವರ್ಷ ಬದುಕಿ ತಳದ ಕೆಸರಿನಲ್ಲಿ ಮೆಲ್ಲಗೆ ಓಡಾಡುವ ಆ ಮೀನಿನ ಹೆಸರನ್ನು ಇದಕ್ಕೆ ಇಟ್ಟವನು ಆರ್ವಿಡ್‌ನೇ. ಸಾವಿರದ ಎಂಟುನೂರ ತೊಂಬತ್ತಮೂರು ದಿನಗಳಿಂದ ಅದು ಒಮ್ಮೆಯೂ ಆರದೆ ನಡೆದಿತ್ತು, ಮತ್ತು ಆ ಸಂಖ್ಯೆಯನ್ನು ಅವನು ಬೇರೆಯವರು ಮೊಮ್ಮಕ್ಕಳ ವಯಸ್ಸು ಹೇಳುವ ಹಾಗೆ ಹೇಳುತ್ತಿದ್ದ. ಇವತ್ತು ಸಂಜೆ ನಾಲ್ಕಕ್ಕೆ ಅದನ್ನು ಆರಿಸುವುದಿತ್ತು. ಹಳೆಯ ಸರ್ವರನ್ನು ಆರಿಸುವ ಮುನ್ನ ಒಂದು ಕ್ರಮವಿದೆ: ಎಣಿಕೆಗಳನ್ನೆಲ್ಲ ಸೊನ್ನೆಗೆ ತಿರುಗಿಸಿ, ಒಂದು ವಾರ ಕಾದು, ಯಾರಾದರೂ ಬಂದರೇ ಎಂದು ನೋಡುವುದು. ಕಳೆದ ಗುರುವಾರ ಅವನು ಸೊನ್ನೆ ಮಾಡಿದ್ದ. ಹನ್ನೊಂದು ಅಂಕಿಗಳಷ್ಟು ಉದ್ದವಾಗಿ ಬೆಳೆದಿದ್ದ ಎಣಿಕೆ, ಐದು ವರ್ಷ ಯಾರು ಯಾರೋ ಬಂದು ಕೇಳಿದ್ದು, ಕೊಂಡೊಯ್ದದ್ದು, ಒಂದು ಗುಂಡಿ ಒತ್ತುವಷ್ಟರಲ್ಲಿ ಹೋಯಿತು. ಅವನು ಕಾಫಿ ಕುಡಿದ. ವಾರದುದ್ದಕ್ಕೂ ದಿನಕ್ಕೆ ನಾನೂರು ಚಿಲ್ಲರೆ ವಿಚಾರಣೆಗಳು ಕಾಣಿಸಿಕೊಂಡವು, ಮತ್ತು ಅದಕ್ಕೆ ಅವನ ಬಳಿ ಉತ್ತರ ಸಿದ್ಧವಿತ್ತು. ಅವನ ಸ್ವಂತ ಫೈಲುಗಳು ಇನ್ನೂ ಸ್ಟರ್ಜನ್ನಿನಲ್ಲೇ ಇದ್ದವು. ಎಣಿಕೆ ನೋಡಲು ಅವನು ಒಳಹೊಕ್ಕರೆ ಆ ಒಳಹೊಕ್ಕಿದ್ದೇ ಎಣಿಕೆಗೆ ಸೇರುತ್ತಿತ್ತು. ಖಾಲಿ ಮನೆಯಲ್ಲಿ ಸದ್ದಾಗುತ್ತಿದೆಯೆಂದು ನೋಡಹೋದವನಿಗೆ ತನ್ನದೇ ಹೆಜ್ಜೆಯ ಸಪ್ಪಳ ಕೇಳುವ ಹಾಗೆ. ಇದನ್ನು ನಿರ್ದೇಶಕಿ ಹೆಸ್ಟರ್ ವಾಂಡರ್‌ವೀನ್‌ಗೆ ವಿವರಿಸಿ, ಅವಳು ನಕ್ಕ ಮೇಲೆ, ‘ಉಳಿದ ಬಳಕೆ ನನ್ನದೇ’ ಎಂಬ ಸಾಲನ್ನು ವರದಿಯಲ್ಲಿ ಬರೆದು ಸಹಿ ಹಾಕಿದ್ದ. ಆ ಸಾಲು ಅವನಿಗೆ ಹಿಡಿಸಿತ್ತು. ಇವತ್ತು ಒಂಬತ್ತು ಗಂಟೆಗೆ ತನ್ನ ಫೈಲುಗಳನ್ನೂ ಬೇರೆ ಕಡೆಗೆ ಸಾಗಿಸಿ, ಮತ್ತೊಮ್ಮೆ ಸೊನ್ನೆ ಮಾಡಿ, ಶಾಸ್ತ್ರಕ್ಕೆಂದು ನೋಡಿದ. ಒಂದು.

ಒಂಬತ್ತು ಹದಿಮೂರಕ್ಕೆ ಅದು ಎರಡಾಯಿತು. ಆರ್ವಿಡ್ ಕುರ್ಚಿ ಎಳೆದುಕೊಂಡು ಕೂತ. ಸೆಕೆಂಡಿಗೊಮ್ಮೆ ತಾನೇ ತಾನಾಗಿ ಹೊಸ ಎಣಿಕೆ ತೋರಿಸುವಂತೆ ಪರದೆಗೆ ಹೇಳಿದ. ಎರಡು, ಎರಡು, ಎರಡು, ಎರಡು. ಕಿಟಕಿಯಾಚೆ ಮುಂದೆ ಉಕ್ಕಿನ ಹಲಗೆ ಕಟ್ಟಿದ ಲಾರಿ ರಸ್ತೆಯ ಹಿಮವನ್ನು ಪಕ್ಕಕ್ಕೆ ತಳ್ಳುತ್ತ ಹೋಯಿತು. ತಾನೇ ಏನನ್ನಾದರೂ ಮರೆತು ತೆರೆದಿಟ್ಟಿರಬೇಕೆಂದು ಹುಡುಕಿದ, ಇರಲಿಲ್ಲ. ಎರಡು, ಎರಡು. ಒಂಬತ್ತು ಇಪ್ಪತ್ತಮೂರಕ್ಕೆ, ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಹನ್ನೆರಡನ್ನು ದಾಟಿದ ಕೂಡಲೇ, ಮೂರು. ಅವನ ಬೆನ್ನಿನ ಮೇಲೆ ಯಾರೋ ಬೆರಳಿಟ್ಟಂತಾಯಿತು. ಮನುಷ್ಯರು ಹೀಗೆ ಬರುವುದಿಲ್ಲ. ಮನುಷ್ಯರು ಗುಂಪಾಗಿ ನುಗ್ಗುತ್ತಾರೆ, ಊಟಕ್ಕೆ ಹೋಗುತ್ತಾರೆ, ಮರೆಯುತ್ತಾರೆ. ಇದು ಮರೆಯದ ಯಾವುದೋ. ಅದು ಯಾರೂ ಇಲ್ಲದ ಕಡೆಗೆ, ಯಾರೂ ಹೇಳದೆ, ಹತ್ತು ನಿಮಿಷಕ್ಕೊಮ್ಮೆ ಬಂದು ‘ಇದೆಯಾ? ಬದಲಾಗಿದೆಯಾ?’ ಎಂದು ಕೇಳಿ, ‘ಇದೆ, ಇಲ್ಲ’ ಎಂಬ ಉತ್ತರ ಪಡೆದು, ತಿರುಗಿ ಹೋಗುತ್ತಿತ್ತು. ಒಂಬತ್ತು ಮೂವತ್ತಮೂರಕ್ಕೆ ಅವನು ಉಸಿರು ಹಿಡಿದಿದ್ದ. ನಾಲ್ಕು.

ಹೆಸ್ಟರ್ ಬಾಗಿಲಲ್ಲಿ ಕಾಣಿಸಿಕೊಂಡು ಎಲ್ಲ ಸರಿಯಿದೆ ತಾನೇ ಎಂದು ಕೇಳಿದಾಗ ಅವನು ಪರದೆಯನ್ನು ಸ್ವಲ್ಪ ಆಚೆಗೆ ತಿರುಗಿಸಿದ. ನಲವತ್ತರ ಹೆಂಗಸು, ಚುರುಕು, ಅವನ ಉದ್ದ ಉತ್ತರಗಳನ್ನು ಪೂರ್ತಿ ಕೇಳುವವಳು ಅವಳೊಬ್ಬಳೇ. ಅದಕ್ಕೇ ಅವಳೆದುರು ತಪ್ಪಿದರೆ ಜಾಸ್ತಿ ನಾಚಿಕೆ. ಅವಳ ಕೈಯಲ್ಲಿ ಧನಸಹಾಯಕ್ಕೆ ಬರೆದ ಅರ್ಜಿಯಿತ್ತು. ಚಳಿಗಾಲದಲ್ಲಿ ಸರೋವರದ ನೀರು ಎಷ್ಟು ತಣ್ಣಗಿರುತ್ತದೆಂಬ ದಾಖಲೆ ಐದು ವರ್ಷಗಳಿಂದ ಇಲ್ಲವೆಂದು ಅದರಲ್ಲಿ ಬರೆದು ಬರೆದು ಸಾಕಾಯಿತೆಂದು ಅವಳು ಗೊಣಗಿದಳು. ನೀರಿನ ಮೇಲೆ ತೇಲುತ್ತ ಅದನ್ನು ಅಳೆಯುವ ಹೊಸ ಹಳದಿ ತೇಲುಬುಂಡೆಯನ್ನು ಹಿಮಗಟ್ಟುವ ಮುನ್ನ ಮೇಲೆತ್ತಬೇಕು, ಕರಗಿದ ಮೇಲೆ ಇಳಿಸಬೇಕು. ನಡುವಿನ ಆರು ತಿಂಗಳು ಕಾಗದದಲ್ಲಿ ಖಾಲಿ. ಈ ಗೊಣಗಾಟ ಅವನು ಎಷ್ಟೋ ಸಲ ಕೇಳಿದ್ದ.

“ಸ್ಟರ್ಜನ್ನಿಗೆ ಇನ್ನು ಯಾರೂ ಇಲ್ಲ ತಾನೇ? ಆಮೇಲೆ ಯಾರಾದ್ರೂ ನನ್ನ ಫೈಲು ಹೋಯ್ತು ಅಂತ ಅಳ್ತಾ ಬರೋದು ಬೇಡ.”

“ಯಾರೂ ಇಲ್ಲ,” ಎಂದ ಆರ್ವಿಡ್.

ಅವನ ಬೆನ್ನ ಹಿಂದೆ ಐದಾಯಿತು. ಅವಳು ಹೋದ ಮೇಲೆ ನೋಡಿದ. ಆರಿಸುವ ಹೊತ್ತಿಗೆ ಇನ್ನೂ ಆರು ಗಂಟೆ ಇದೆ. ಅಷ್ಟರೊಳಗೆ ಇದು ಯಾರೆಂದು ತಾನೇ ಸದ್ದಿಲ್ಲದೆ ಹುಡುಕಿ, ಮುಗಿಸಿ, ಸಹಿಯನ್ನು ನಿಜ ಮಾಡಿಬಿಡಬಹುದು ಎಂದುಕೊಂಡ. ಹೇಳಿದ್ದು ಸುಳ್ಳಲ್ಲ, ಸ್ವಲ್ಪ ಮುಂಚಿತವಾಗಿ ಹೇಳಿದ್ದು. ಹೀಗೆ ತನಗೆ ತಾನೇ ಸಮಜಾಯಿಷಿ ಕೊಡುವಾಗಲೆಲ್ಲ ಅವನಿಗೆ ಆಸ್ಪತ್ರೆಯ ಆ ಹಸಿರು ಕುರ್ಚಿ ನೆನಪಾಗುತ್ತಿತ್ತು. ಅಮ್ಮನಿಗೆ ಕೊನೆಯ ವಾರ ಕಣ್ಣು ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೊಮ್ಮೆ “ಆರ್ವಿಡ್, ಇದ್ದೀಯಾ?” ಎನ್ನುವಳು. ಅವನು ಮೊಣಕಾಲ ಮೇಲೆ ಯಾವುದೋ ಯಂತ್ರದ ದಪ್ಪ ಕೈಪಿಡಿ ಇಟ್ಟುಕೊಂಡು, ತಲೆಯೆತ್ತದೆ, ಹೂಂ ಎನ್ನುತ್ತಿದ್ದ. ಒಂದು ಸಲ ಅವಳು ಕೇಳಿರಲೇ ಇಲ್ಲ, ಬರೀ ಕೆಮ್ಮಿದ್ದಳು. ಅದಕ್ಕೂ ಹೂಂ ಎಂದಿದ್ದ. ಪಕ್ಕದ ಹಾಸಿಗೆಯವಳ ಮಗಳು ಅವನನ್ನು ನೋಡಿ, ಆಮೇಲೆ ನೋಡದವಳಂತೆ ಕಿಟಕಿಯತ್ತ ತಿರುಗಿದ್ದಳು. ಕಂಪ್ಯೂಟರುಗಳಿಗೂ ಈ ಅಭ್ಯಾಸವಿದೆ. ಪ್ರತಿ ಸಲ ಸರ್ವರಿನವರೆಗೆ ಹೋಗಿ ಕೇಳುವ ಬದಲು, ಆಗಷ್ಟೇ ಕೇಳಿದ್ದೆನಲ್ಲ ಎಂದು ಹಳೆಯ ಉತ್ತರವನ್ನೇ ನೆನಪಿನಿಂದ ತೆಗೆದು ಕೊಟ್ಟುಬಿಡುತ್ತವೆ. ಅದು ತಪ್ಪಲ್ಲ, ಶ್ರಮ ಉಳಿಸುವ ಜಾಣತನ. ಕೈಪಿಡಿಯಲ್ಲೇ ಹಾಗೆ ಬರೆದಿದೆ.

ಎಣಿಕೆ ಹೆಸರು ಹೇಳದಿದ್ದರೂ, ಸ್ಟರ್ಜನ್ನಿನ ಬಳಿ ಅತಿಥಿಗಳ ಪಟ್ಟಿಯೊಂದಿತ್ತು: ಯಾವ ಯಾವ ಯಂತ್ರ ಎಂದಾದರೂ ಬಂದು ಸೇರಿಕೊಂಡಿತ್ತೋ ಅವುಗಳ ಹೆಸರು. ಬಂದವರನ್ನು ಅದು ಬರೆದುಕೊಳ್ಳುತ್ತದೆ. ಹೇಳದೆ ಹೋದವರನ್ನು ಹೊಡೆದುಹಾಕುವುದಿಲ್ಲ. ನಲವತ್ತೊಂದು ಮೀನುಗಳು. ವಾಲೈ, ಬರ್ಬಟ್, ಪರ್ಚ್. ಎಷ್ಟೋ ಯಂತ್ರಗಳನ್ನು ಅವನೇ ಕೈಯಾರೆ ಕಸಕ್ಕೆ ಹಾಕಿದ್ದ. ಒಂದೊಂದನ್ನೇ ಕರೆದು ನೋಡುತ್ತ, ಉತ್ತರ ಕೊಟ್ಟವುಗಳ ಕೋಣೆಗೆ ಹೋಗಿ ಅದರ ಹಿಂದಿನ ತಂತಿ ತೆಗೆದು, ಮಹಡಿ ಇಳಿದು ಬಂದು, ಹತ್ತು ನಿಮಿಷ ಕಾದು, ಎಣಿಕೆ ಮತ್ತೆ ಏರಿದ್ದನ್ನು ಕಂಡು, ಮಹಡಿ ಹತ್ತಿ ತಂತಿ ಸಿಕ್ಕಿಸಿ ಬರುತ್ತಿದ್ದ. ಮೊಣಕಾಲು ನೋಯತೊಡಗಿತು. ಹದಿನೈದು. ಹದಿನಾರು. ಪ್ರತಿ ಸಲವೂ ಅದು ಬಾರದಿರಲಿ ಎಂದು ಒಂದು ಮನಸ್ಸು. ಗಡಿಯಾರದಲ್ಲಿ ಮುಂದಿನ ಹತ್ತು ನಿಮಿಷ ತುಂಬುತ್ತ ಬಂದಂತೆ, ಬರುತ್ತದೆ, ಬರುತ್ತದೆ ಎಂದು ಇನ್ನೊಂದು.

ಮಧ್ಯಾಹ್ನ ಕಚೇರಿಯ ಡೆಲ್ಫೀನ್ ಟ್ರುಡೆಲ್ ಅವನ ಮೇಜಿನ ಮೇಲೆ ಮಾಂಸ, ಗೆಡ್ಡೆ ತುಂಬಿ ಬೇಯಿಸಿದ ಪೇಸ್ಟಿಯೊಂದನ್ನು ಕಾಗದದಲ್ಲಿ ಸುತ್ತಿ ಇಟ್ಟಳು. ಅವಳು ಆ ಕೇಂದ್ರಕ್ಕೆ ಅವನಿಗಿಂತ ಮುಂಚೆ ಬಂದವಳು, ನಿರ್ದೇಶಕರು ಐದು ಮಂದಿ ಬಂದು ಹೋದದ್ದನ್ನು ನೋಡಿದವಳು. ಹಳೆಯ ಸರ್ವರ್ ಆರಿಸುವ ದಿನ ಕೇಕ್ ಕತ್ತರಿಸಿ ನಾಲ್ಕು ಮಾತಾಡುವುದು ಅವಳೇ ಹಾಕಿದ ಪದ್ಧತಿ. ಈ ಸಲ ಕೇಕನ್ನು ಸ್ಟರ್ಜನ್ ಮೀನಿನ ಆಕಾರದಲ್ಲೇ ಮಾಡಿ ಬೂದು ಸಕ್ಕರೆ ಬಳಿದಿದ್ದಾಳಂತೆ, ಕಣ್ಣಿಗೆ ಒಣದ್ರಾಕ್ಷಿ. ಬಣ್ಣ ನೋಡಿ ಗಂಡ ಮುಟ್ಟುವುದಿಲ್ಲ ಎಂದನಂತೆ. ಹಳಬರನ್ನೂ ಕರೆದಿದ್ದೇನೆ, ವೆಂಡೆಲ್ ರುವೋನಾ ಬರುತ್ತಾನೆ ಎಂದಳು.

“ಮುಖ ಯಾಕೋ ಹಾಗಾಯ್ತು ನಿಂದು? ಪೇಸ್ಟಿಯಲ್ಲಿ ಟರ್ನಿಪ್ ಜಾಸ್ತಿ ಆಯ್ತಾ?”

“ಇಲ್ಲ, ಚೆನ್ನಾಗಿದೆ.”

“ಇನ್ನೂ ಕಚ್ಚೇ ಇಲ್ಲ ಕಣೋ ನೀನು.”

ವೆಂಡೆಲ್ ಮೂವತ್ತೊಂದು ವರ್ಷ ಕೇಂದ್ರದಲ್ಲಿ ನೀರು ಅಳೆದವನು. ಅವನು ನಿವೃತ್ತನಾಗುವ ವರ್ಷದ ಮೊದಲಲ್ಲಿ, ಎಲ್ಲರೂ ಸೇರಿದ ಸಭೆಯಲ್ಲಿ, ಆರ್ವಿಡ್ ಇದೇ ಎಣಿಕೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬೆಳಗಿಸಿದ್ದ. ಸ್ಟರ್ಜನ್ ಯಾಕೆ ನಿಧಾನವಾಗಿದೆ ಎಂದು ತಿಂಗಳುಗಟ್ಟಲೆ ಬೈಸಿಕೊಂಡವನಿಗೆ ಅಂದು ಅಪರಾಧಿ ಸಿಕ್ಕಿದ್ದ. ದಿನಕ್ಕೆ ಎಂಬತ್ತಾರು ಸಾವಿರದ ನಾನೂರು ವಿಚಾರಣೆ, ಒಂದೇ ಫೈಲಿನ ಬಗ್ಗೆ, ಒಂದೇ ಯಂತ್ರದಿಂದ. ಒಂದು ದಿನದಲ್ಲಿ ಎಷ್ಟು ಸೆಕೆಂಡುಗಳಿವೆಯೋ ಅಷ್ಟು. ನೆನಪಿನಿಂದ ಉತ್ತರ ಕೊಡಬೇಡ, ಪ್ರತಿ ಸಲವೂ ಹೋಗಿಯೇ ಕೇಳು ಎಂದು ವೆಂಡೆಲ್ ತನ್ನ ಯಂತ್ರಕ್ಕೆ ಹೇಳಿಟ್ಟಿದ್ದ. ಸ್ಟರ್ಜನ್ ನಿಧಾನವಾದದ್ದು ಇದರಿಂದಲ್ಲವೆಂದು, ಯಾವುದೋ ಹಾಳಾದ ತಂತಿಯಿಂದೆಂದು, ಆರ್ವಿಡ್‌ಗೆ ಆಮೇಲೆ ತಿಳಿಯಿತು. ಅದನ್ನು ಯಾವ ಸಭೆಯಲ್ಲೂ ಬೆಳಗಿಸಲಿಲ್ಲ. ಅಂದು ಮಾತ್ರ, “ವೆಂಡೆಲ್, ದಿಟ್ಟಿಸಿ ನೋಡ್ತಾ ಇದ್ರೆ ಫೈಲು ತಾನಾಗಿ ಗಾಳಕ್ಕೆ ಬೀಳಲ್ಲ,” ಎಂದಿದ್ದ. ಕೋಣೆ ನಕ್ಕಿತು. ವೆಂಡೆಲ್ ಕೂಡ ನಕ್ಕ, ಆದರೆ ಅವನ ಕಿವಿಗಳು ಕೆಂಪಾದವು, ಮತ್ತು ಸಭೆ ಮುಗಿಯುವವರೆಗೆ ಅವನು ತನ್ನ ಟೊಪ್ಪಿಗೆಯ ಅಂಚನ್ನು ಸುತ್ತಲೂ ಒಂದೇ ಸಮನೆ ಹಿಸುಕುತ್ತ ಕೂತಿದ್ದ. ಆಮೇಲಿನ ಐದು ವರ್ಷ ಅಂಗಡಿಯಲ್ಲಿ ಆ ಟೊಪ್ಪಿಗೆ ಕಂಡರೆ ಆರ್ವಿಡ್ ಪಕ್ಕದ ಸಾಲಿಗೆ ಸರಿದು, ತನಗೆ ಬೇಡದ ಬೆಕ್ಕಿನ ಆಹಾರದ ಡಬ್ಬಿಗಳನ್ನು ಓದುತ್ತ ನಿಲ್ಲುತ್ತಿದ್ದ.

ಎರಡೂ ಮುಕ್ಕಾಲಿಗೆ ಪಟ್ಟಿಯಲ್ಲಿ ಉಳಿದದ್ದು ಒಂದೇ ಹೆಸರು. ಸ್ಮೆಲ್ಟ್. ಬೆರಳುದ್ದದ ಮೀನಿನ ಹೆಸರು, ವೆಂಡೆಲ್‌ನ ಯಂತ್ರಕ್ಕೆ. ಅದನ್ನು ವೆಂಡೆಲ್‌ನೊಂದಿಗೇ ಕಳಿಸಿಬಿಟ್ಟಿದ್ದೇವೆಂದು ಆರ್ವಿಡ್ ನಂಬಿದ್ದ. ಅದು ಎಲ್ಲಿತ್ತೆಂದು ನೋಡಲು ಒಮ್ಮೆಯೂ ಹೋಗಿರಲಿಲ್ಲ. ಕರೆದ. ಸ್ಮೆಲ್ಟ್ ಉತ್ತರಿಸಿತು, ಏನೂ ಆಗಿಲ್ಲವೆಂಬಂತೆ, ಸೆಕೆಂಡಿನ ಸಾವಿರ ಪಾಲಿನಲ್ಲಿ ಮೂರು ಪಾಲಿನೊಳಗೆ. ಹಳೆಯ ಕಾಗದಗಳಲ್ಲಿ ಅದರ ಜಾಗ ಹುಡುಕಲು ಅರ್ಧ ಗಂಟೆ ಹಿಡಿಯಿತು: ಕಾಲುವೆಯ ತುದಿಯ ಪಂಪ್‌ಮನೆ. ಡೆಲ್ಫೀನಳ ಮೇಜಿನ ಹಿಂದಿನ ಮೊಳೆಯಿಂದ ಕೀಲಿ ತೆಗೆದುಕೊಳ್ಳುವಾಗ ಅವಳು, ಕೇಕ್‌ಗೆ ತಡ ಮಾಡಬೇಡ, ಹೆಸ್ಟರಿಗೆ ಮಗಳ ಹಾಕಿ ಪಂದ್ಯವಿದೆ ಎಂದಳು. ನಾಲ್ಕಕ್ಕೆ ತಾನೇ ಎಂದು ಅವನು ಹೊರಬಿದ್ದ. ಹೆಸ್ಟರಳ ಬಾಗಿಲು ತೆರೆದೇ ಇತ್ತು. ಅವಳು ಫೋನಿನಲ್ಲಿದ್ದಳು. ಬಂದು ಹೇಳೋಣ ಎಂದುಕೊಂಡು ದಾಟಿದ.

ಹಿಮ ಮೊಣಕಾಲವರೆಗಿತ್ತು; ಹತ್ತು ನಿಮಿಷದ ದಾರಿ ಇಪ್ಪತ್ತಾಯಿತು. ಪಂಪ್‌ಮನೆಯೊಳಗೆ ಬೆಚ್ಚಗಿತ್ತು, ಮೀನಿನ ತೊಟ್ಟಿಗಳಿಗೆ ಸರೋವರದ ಆಳದಿಂದ ನೀರೆಳೆಯುವ ಪಂಪುಗಳು ಒಂದೇ ಸ್ವರದಲ್ಲಿ ಗುನುಗುತ್ತಿದ್ದವು. ಹಿಮದ ಸಲಿಕೆಗಳ ಹಿಂದೆ, ಒಂದು ಮರದ ಪೆಟ್ಟಿಗೆಯ ಮೇಲೆ, ಕೀಲಿಮಣೆಯ ಸಂದಿಗಳಲ್ಲಿ ಸತ್ತ ನೊಣಗಳೊಂದಿಗೆ, ಸ್ಮೆಲ್ಟ್ ಕೂತಿತ್ತು. ಹಳದಿ ಅಕ್ಷರಗಳ ಪುಟ್ಟ ಪರದೆ. ಕೊಳವೆಯೊಳಗೆ ಇಳಿಬಿಟ್ಟ ಉಷ್ಣಮಾಪಕದಿಂದ ಒಂದು ತಂತಿ ಬಂದು ಅದರ ಬೆನ್ನಿಗೆ ಸೇರಿತ್ತು. ಅವನು ನಿಂತಂತೆಯೇ ಮೂರು ನಲವತ್ತಮೂರಾಯಿತು, ಪರದೆಯ ಕೆಳಗೆ ಹೊಸ ಸಾಲೊಂದು ಮೂಡಿತು: ಹೊತ್ತು, ಪಕ್ಕದಲ್ಲಿ ಒಂದು ಪಾಯಿಂಟ್ ನಾಲ್ಕು ಡಿಗ್ರಿ. ಆರ್ವಿಡ್ ಕೈಗವಸು ಕಳಚಿ ಹಿಂದಿನ ಸಾಲುಗಳನ್ನು ತೆಗೆದ. ಇವತ್ತಿನವು. ನಿನ್ನೆಯವು. ಜನವರಿ. ಹಿಂದಿನ ಜನವರಿ. ಸರೋವರ ಹೆಪ್ಪುಗಟ್ಟಿದ ರಾತ್ರಿಗಳು, ಅದರ ಮೇಲೆ ಜನ ಲಾರಿ ಓಡಿಸಿದ ಹಗಲುಗಳು, ಅವನು ಜ್ವರ ಬಂದು ಮಲಗಿದ್ದ ಫೆಬ್ರವರಿ, ಅಮ್ಮನನ್ನು ಹೂಳಲು ನೆಲ ಕರಗಲೆಂದು ಕಾದ ಏಪ್ರಿಲ್. ಅವುಗಳ ಒಂದೊಂದು ಹತ್ತು ನಿಮಿಷವೂ ಅಲ್ಲಿತ್ತು. ಮಂಜುಗಡ್ಡೆಯ ಕೆಳಗಿನ ಕತ್ತಲಲ್ಲಿ ನೀರು ಒಂದು ಡಿಗ್ರಿಯ ಹತ್ತರಲ್ಲೊಂದು ಪಾಲು ಏರಿದ್ದನ್ನು, ಮತ್ತೆ ಇಳಿದದ್ದನ್ನು, ಯಾರೂ ಕೇಳದಿದ್ದರೂ ಇದು ಬರೆದುಕೊಂಡಿತ್ತು. ಐದು ಚಳಿಗಾಲ. ಹೆಸ್ಟರಳ ಅರ್ಜಿಯಲ್ಲಿ ಖಾಲಿ ಬಿಟ್ಟಿದ್ದ ಐದು ಜಾಗ.

ಸ್ಮೆಲ್ಟ್ ಅಳತೆಗಳನ್ನು ಇಟ್ಟುಕೊಂಡದ್ದು ತನ್ನ ಹೊಟ್ಟೆಯಲ್ಲೇ. ಸ್ಟರ್ಜನ್ನಿಗೆ ಹೋಗುತ್ತಿದ್ದದ್ದು ಒಂದು ಪ್ರಶ್ನೆಗಾಗಿ ಮಾತ್ರ. ಅಲ್ಲಿ ವೆಂಡೆಲ್ ಒಂದು ಸಾಲಿನ ಫೈಲು ಇಟ್ಟಿದ್ದ. ಅದರಲ್ಲಿ ‘10’ ಎಂದು ಬರೆದಿತ್ತು. ಎಷ್ಟು ನಿಮಿಷಕ್ಕೊಮ್ಮೆ ಅಳೆಯಬೇಕೆಂಬ ಅಪ್ಪಣೆ ಅದು. ಬದಲಿಸಬೇಕಾದರೆ ಹಿಮದಲ್ಲಿ ನಡೆದು ಬರದೆ ತನ್ನ ಮೇಜಿನಿಂದಲೇ ಬದಲಿಸಬಹುದಿತ್ತು. ಸ್ಮೆಲ್ಟ್ ಪ್ರತಿ ಸಲ ಅಳೆಯುವ ಮುನ್ನ, ಅಪ್ಪಣೆ ಬದಲಾಗಿದೆಯಾ ಎಂದು ಹೋಗಿ ಕೇಳುತ್ತಿತ್ತು. ಇಲ್ಲ ಎಂದರೆ ಅಳೆಯುತ್ತಿತ್ತು. ಅಪ್ಪಣೆ ಕೊಟ್ಟವನು ನಿವೃತ್ತನಾಗಿ ಮನೆಗೆ ಹೋದ ಮೇಲೆ ಎರಡೂವರೆ ಲಕ್ಷ ಸಲ ಕೇಳಿತ್ತು. ತಾನು ಇಡೀ ಜೀವಮಾನ ಈ ಯಂತ್ರಗಳ ನಡುವೆ ಕಳೆದಿದ್ದೇನೆ, ಅವುಗಳ ಜ್ವರ ನೋಡಿದ್ದೇನೆ, ಬೈದಿದ್ದೇನೆ, ಇವತ್ತಿನವರೆಗೆ ಒಂದನ್ನೂ ಭೇಟಿಯಾಗಿರಲಿಲ್ಲ ಎಂಬಂಥ ಹುಚ್ಚು ಯೋಚನೆ ಆರ್ವಿಡ್‌ಗೆ ಬಂತು. ಆಗ ಪರದೆಯ ಅಂಚಿಗೆ ಅಂಟಿಸಿದ್ದ ಚೀಟಿ ಕಾಣಿಸಿತು. ಮಾಸಿದ ಕಾಗದ, ವೆಂಡೆಲ್‌ನ ಚೌಕಾಕಾರದ ಅಕ್ಷರ. ‘ಆರ್ವಿಡ್, ಈಗ ಹತ್ತು ನಿಮಿಷಕ್ಕೆ ಒಂದೇ ಸಲ ಕೇಳುತ್ತೆ. ಇದೂ ಜಾಸ್ತಿ ಅನ್ನಿಸಿದರೆ ಹೇಳು.’

ಗೋಡೆಯ ಮೇಲೆ, ಅವನ ಮೊಣಕೈಗೆ ತಗಲುವಷ್ಟು ಹತ್ತಿರ, ಫೋನಿತ್ತು. ಗಂಟೆ ಮೂರು ನಲವತ್ತೇಳು. ನಾಲ್ಕಕ್ಕೆ ಮುಂಚೆ ಹೆಸ್ಟರಳಿಗೆ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಅವನು ಫೋನಿನತ್ತ ನೋಡಿದ, ಯಾರೂ ಇಲ್ಲ ಎಂದು ಬೆಳಿಗ್ಗೆ ಹೇಳಿದ ತನ್ನ ದನಿಯನ್ನು ಕೇಳಿದ, ಒಂದೇ ಒಂದು ಪ್ರಶ್ನೆ ಹೊರಡುವುದನ್ನು ಈ ಕಡೆಯಿಂದ ನೋಡಿ ಹೊರಟರಾಯಿತು ಎಂದುಕೊಂಡ. ಬೆಳಿಗ್ಗೆಯಿಂದ ಬಾಗಿಲು ತಟ್ಟಿದ್ದನ್ನು ಒಳಗಿನಿಂದ ಕೇಳಿದ್ದವನಿಗೆ, ತಟ್ಟುವ ಕೈಯನ್ನು ನೋಡುವ ಆಸೆ. ಆರು ನಿಮಿಷ ಪಂಪುಗಳ ಗುನುಗನ್ನು ಕೇಳುತ್ತ ನಿಂತ. ಮೂರು ಐವತ್ತಮೂರಾಯಿತು. ಸಾಲು ಮೂಡಲಿಲ್ಲ. ಅರ್ಧ ನಿಮಿಷ ಕಳೆಯಿತು. ಆಮೇಲೆ ಪರದೆಯ ಮೇಲೆ, ಅವನು ನೂರು ಸಲ ಓದಿ ಒಮ್ಮೆಯೂ ಓದಿರದ ಮಾತು ಕಾಣಿಸಿಕೊಂಡಿತು: ಸ್ಟರ್ಜನ್ ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದ್ದೇನೆ.

ಉತ್ತರ ಬಾರದಿದ್ದರೆ ಬಿಟ್ಟು ಮುಂದಿನ ಕೆಲಸ ನೋಡು ಎಂದು ಯಂತ್ರಕ್ಕೆ ಹೇಳಿಡಬಹುದು. ಬರುವವರೆಗೂ ಕಾಯಿ ಎಂದೂ ಹೇಳಿಡಬಹುದು. ವೆಂಡೆಲ್ ಹೇಳಿಟ್ಟದ್ದು ಎರಡನೆಯದನ್ನು. ಸ್ಟರ್ಜನ್ ಉತ್ತರ ಕೊಡದೆ ಸ್ಮೆಲ್ಟ್ ಇನ್ನೊಂದು ಸಲ ಅಳೆಯುವುದಿಲ್ಲ, ನಾಳೆಯೂ ಇಲ್ಲ, ಮುಂದಿನ ವರ್ಷವೂ ಇಲ್ಲ, ಕೇಳುತ್ತ ನಿಂತಿರುತ್ತದೆ. ಹಾಕಿ ಪಂದ್ಯ ಎಂದುಕೊಂಡ ಆರ್ವಿಡ್. ಕೇಕನ್ನು ಮುಂಚೆಯೇ ಕತ್ತರಿಸಿ, ಸ್ಟರ್ಜನ್ನನ್ನೂ ಆರಿಸಿದ್ದಾರೆ. ಈಗ ಫೋನ್ ಎತ್ತಿದ. ಅತ್ತ ಕಚೇರಿಯಲ್ಲಿ ಅದು ಹೊಡೆದುಕೊಂಡೇ ಇತ್ತು. ಎಲ್ಲರೂ ಕೇಕಿನ ಕೋಣೆಯಲ್ಲಿ.

ಹೋಗುವಾಗ ತುಳಿದು ಮಾಡಿದ ತನ್ನದೇ ಹೆಜ್ಜೆಗುಂಡಿಗಳಲ್ಲಿ ಕಾಲಿಡುತ್ತ ಅವನು ನಾಲ್ಕೂ ಎಂಟಕ್ಕೆ ಕೇಂದ್ರ ತಲುಪಿದ. ಒಳಗೆ ನಗುತ್ತಿದ್ದರು. ಬೂದು ಮೀನಿನಲ್ಲಿ ಬಾಲ ಮಾತ್ರ ಉಳಿದಿತ್ತು. ಹೆಸ್ಟರ್ ಕೋಟು ತೊಟ್ಟು ಕಾರಿನ ಕೀಲಿ ಹಿಡಿದು ನಿಂತಿದ್ದಳು. ನಿಮಗಾಗಿ ಕಾದೆವು, ಗುಂಡಿಯನ್ನು ನಾನೇ ಒತ್ತಿದೆ, ಕ್ಷಮಿಸಿ ಎಂದಳು. ಕಿಟಕಿಯ ಬಳಿ, ಕಾಗದದ ತಟ್ಟೆ ಹಿಡಿದು, ವೆಂಡೆಲ್. ತೆಳ್ಳಗಾಗಿದ್ದ. ಅದೇ ಟೊಪ್ಪಿಗೆ. ಆರ್ವಿಡ್‌ನ ಪ್ಯಾಂಟಿನಿಂದ ಹಿಮ ಕರಗಿ ನೆಲಕ್ಕಿಳಿಯುತ್ತಿತ್ತು, ಎಲ್ಲರೂ ಅದನ್ನೇ ನೋಡುತ್ತಿದ್ದರು. ಈ ಸಲ ಅವನ ಉತ್ತರ ಚಿಕ್ಕದಾಗಿತ್ತು.

“ಬೆಳಿಗ್ಗೆ ನಾನು ಹೇಳಿದ್ದು ತಪ್ಪು. ಯಾರೋ ಇದ್ರು. ಗೊತ್ತಿದ್ದೂ ಹೇಳಲಿಲ್ಲ,” ಎಂದ. “ನಾನೇ ಅಂತ ಬರ್ಕೊಟ್ಟಿದ್ದೆ. ನಾನಲ್ಲ. ವೆಂಡೆಲ್‌ರ ಯಂತ್ರ. ಪಂಪ್‌ಮನೆಯಲ್ಲಿ ಇನ್ನೂ ಅಳೀತಾ ಇದೆ. ಇತ್ತು.”

ಹೆಸ್ಟರ್ ಕೀಲಿಯನ್ನು ಮೇಜಿನ ಮೇಲಿಟ್ಟಳು. ಚಳಿಗಾಲದಲ್ಲೂನಾ ಎಂದು ಅವಳು ಕೇಳಿದ್ದು ಬಹಳ ಮೆಲ್ಲಗೆ. ಹೌದು ಎಂದ ಆರ್ವಿಡ್. ಹಾಗಾದರೆ ಹೊತ್ತಿಸಿ ಎಂದಳು, ಹೊತ್ತಿಸಿದರೆ ಆಯಿತಲ್ಲ. ಡೆಲ್ಫೀನ್ ಆರ್ವಿಡ್‌ನ ಮುಖ ನೋಡಿ, ಆಗಲ್ಲ ಅಂತ ಅವನ ಮುಖ ಹೇಳ್ತಿದೆ ಎಂದಳು. ಐದು ವರ್ಷ ನಿಲ್ಲದೆ ತಿರುಗಿದ ಡಿಸ್ಕು ಒಮ್ಮೆ ನಿಂತು ತಣ್ಣಗಾದರೆ ಮತ್ತೆ ತಿರುಗುವುದು ಅದರ ಇಷ್ಟ. ಅದಕ್ಕೇ ಅಂಥವನ್ನು ಯಾರೂ ಆರಿಸುವುದಿಲ್ಲ. ಅದಕ್ಕೇ ಆ ದಿನಗಳನ್ನು ಎಣಿಸುವುದು.

ಸ್ಟರ್ಜನ್ನಿನ ಕೋಣೆಗೆ ಹೋದವರು ಮೂವರು: ಆರ್ವಿಡ್, ಹೆಸ್ಟರ್, ತಟ್ಟೆಯನ್ನು ಕೈಬಿಡದ ವೆಂಡೆಲ್. ಆರ್ವಿಡ್ ಗುಂಡಿ ಒತ್ತಿದ. ಫ್ಯಾನುಗಳು ಎದ್ದವು, ಡಿಸ್ಕು ಟಕ್ ಎಂದು ಸುಮ್ಮನಾಯಿತು. ಆರಿಸಿ, ಅದನ್ನು ಹೊರಗೆಳೆದು, ಅಂಗೈ ಮೇಲೆ ಚಪ್ಪಟೆಯಾಗಿ ಹಿಡಿದು, ಮಣಿಕಟ್ಟನ್ನು ಫಕ್ಕನೆ ತಿರುವಿದ. ಅಂಟಿಕೊಂಡ ಡಿಸ್ಕು ಬಿಡಲೆಂದು ಹಳಬರು ಹಾಗೆ ಮಾಡುತ್ತಾರೆ. ಸಿಕ್ಕಿಸಿ ಗುಂಡಿ ಒತ್ತಿದರೆ, ಮತ್ತೆ ಟಕ್. ಗೋಡೆ ಗಡಿಯಾರ ನಾಲ್ಕೂ ಹದಿಮೂರು ದಾಟಿತು. ಹತ್ತು ನಿಮಿಷ ನಡೆದರೆ ಸಿಗುವ ಆ ಬೆಚ್ಚಗಿನ ಕೋಣೆಯಲ್ಲಿ ಅದು ಇನ್ನೂ ಕೇಳುತ್ತಿರುವುದನ್ನು ಆರ್ವಿಡ್ ಕಣ್ಣಾರೆ ಕಂಡಂತೆ ಕಂಡ, ಡಿಸ್ಕನ್ನು ಮತ್ತೆ ಹೊರಗೆಳೆದ.

“ಕೊಡು ಇಲ್ಲಿ,” ಎಂದ ವೆಂಡೆಲ್. ತಟ್ಟೆಯನ್ನು ಹೆಸ್ಟರಳ ಕೈಗೆ ಕೊಟ್ಟು, ಉಣ್ಣೆಯ ಕೋಟಿನ ಗುಂಡಿ ಬಿಚ್ಚಿ, ಡಿಸ್ಕನ್ನು ಕಂಕುಳಲ್ಲಿಟ್ಟು ಗುಂಡಿ ಹಾಕಿಕೊಂಡ. ಆಮೇಲೆ ಇನ್ನೊಂದು ಕೈಯಿಂದ ತಟ್ಟೆ ಹಿಂದಕ್ಕೆ ತೆಗೆದುಕೊಂಡ. “ತಣ್ಣಗಾಗಿದೆ ಅಷ್ಟೇ. ಹತ್ತು ನಿಮಿಷ ಬಿಡು.”

ಹೆಸ್ಟರ್ ಮಗಳಿಗೆ ಫೋನ್ ಮಾಡಲು ಹೊರಗೆ ಹೋದಳು. ವೆಂಡೆಲ್ ಒಂದು ಕೈ ದೇಹಕ್ಕೆ ಒತ್ತಿ ಹಿಡಿದು, ಮುರಿದ ರೆಕ್ಕೆಯ ಹಕ್ಕಿಯ ಹಾಗೆ ನಿಂತು, ಮೀನಿನ ತಲೆಯ ಭಾಗವನ್ನು ತಿನ್ನುತ್ತಿದ್ದ.

“ಐದು ಚಳಿಗಾಲಾನೂ?”

“ಐದೂ. ಒಂದೂ ಬಿಟ್ಟಿಲ್ಲ. ಇವತ್ತಿನ ತನಕ.”

ವೆಂಡೆಲ್ ಅಗಿಯುವುದನ್ನು ನಿಲ್ಲಿಸಿದ. “ಕೆಲಸ ಬಿಟ್ಟ ದಿನ ಅದನ್ನ ಆರಿಸೋಣ ಅಂತಾನೇ ಹೋಗಿದ್ದೆ ಕಣಯ್ಯಾ. ಅದು ಕೇಳೋ ಹೊತ್ತಿಗೆ ಸರಿಯಾಗಿ ಹೋದೆ. ಕೇಳ್ತಿರೋವಾಗ ಆರಿಸೋಕೆ ಮನಸ್ಸಾಗಲಿಲ್ಲ. ಹೇಗೂ ನೀನು ಬಂದು ಆರಿಸ್ತೀಯ ಅಂದ್ಕೊಂಡೆ. ಚೀಟಿ ನೋಡಿದ್ಯಾ?”

“ಇವತ್ತು ನೋಡ್ದೆ.” ಆರ್ವಿಡ್ ನೆಲ ನೋಡಿದ. “ಅವತ್ತು ಮೀಟಿಂಗ್‌ನಲ್ಲಿ ನಾನು ಹಾಗೆ ಅಂದಿದ್ದು. ಸ್ಟರ್ಜನ್ ನಿಧಾನ ಆಗಿದ್ದು ನಿಮ್ಮಿಂದ ಅಲ್ಲ. ಬೇರೆ ಯಾವುದೋ ತಂತಿ. ನಂಗೆ ಆಮೇಲೆ ಗೊತ್ತಾಯ್ತು.”

“ಯಾವ ಮೀಟಿಂಗು?” ಎಂದ ವೆಂಡೆಲ್. ಕಿಟಕಿಯ ಕಡೆಗೆ ತಿರುಗಿದ. ಅವನ ಕಿವಿಗಳು ಕೆಂಪಾಗಿದ್ದವು. ಕೋಣೆಯ ಸೆಖೆಗೂ ಇರಬಹುದು.

ನಾಲ್ಕೂ ಇಪ್ಪತ್ತಮೂರು ಕಳೆಯಿತು. ವೆಂಡೆಲ್ ಡಿಸ್ಕನ್ನು ಕಂಕುಳಿಂದ ತೆಗೆದು, ಒಮ್ಮೆ ಕೆನ್ನೆಗೆ ತಾಗಿಸಿ ನೋಡಿ, ಕೊಟ್ಟ. ಆರ್ವಿಡ್ ಅದನ್ನು ಜಾಗಕ್ಕೆ ತಳ್ಳಿದ. ಗುಂಡಿ. ಫ್ಯಾನುಗಳು. ಟಕ್ ಎನ್ನುವ ಬದಲು, ಮೊದಲು ಬಹಳ ಕೆಳಗಿನಿಂದ, ನೀರಿನಡಿಯಿಂದ ಬಂದಂಥ ಒಂದು ನರಳಿಕೆ. ಅದು ಏರಿತು, ಏರುತ್ತ ತೆಳ್ಳಗಾಗಿ, ಎಲ್ಲರೂ ಐದು ವರ್ಷ ಕೇಳಿ ಕೇಳಿ ಕೇಳದಂತಾಗಿದ್ದ ಆ ಸದ್ದಾಗಿ ನಿಂತಿತು. ನಾಲ್ಕೂ ಮೂವತ್ತೊಂದಕ್ಕೆ ಸ್ಟರ್ಜನ್ ಎದ್ದು ಕೂತಿತು. ಸಾವಿರದ ಎಂಟುನೂರ ತೊಂಬತ್ತಮೂರು ದಿನ ಇದ್ದಲ್ಲಿ ಈಗ ಸೊನ್ನೆ. ಆರ್ವಿಡ್ ನಿಂತುಕೊಂಡೇ ಎಣಿಕೆಯನ್ನು ಕೇಳಿದ, ಸೆಕೆಂಡಿಗೊಮ್ಮೆ. ಓದು ಸೊನ್ನೆ, ಬರಹ ಸೊನ್ನೆ, ವಿಚಾರಣೆ ಸೊನ್ನೆ. ಸೊನ್ನೆ. ಸೊನ್ನೆ. ವೆಂಡೆಲ್‌ನ ಉಸಿರು ಅವನ ಹೆಗಲ ಹತ್ತಿರ ಕೇಳುತ್ತಿತ್ತು, ಏಲಕ್ಕಿಯ ಮತ್ತು ಸಕ್ಕರೆಯ ವಾಸನೆ. ಕಾದು ನಿಂತವರು ಮೂವರು. ಹೆಸ್ಟರ್ ಯಾವಾಗಲೋ ಬಂದು ಬಾಗಿಲಲ್ಲಿ ನಿಂತಿದ್ದಳು. ಒಂದು.

ಅದು ಮೂರು ಐವತ್ತಮೂರಕ್ಕೆ ಹೊರಟ ಪ್ರಶ್ನೆ. ಎರಡು ನಿಮಿಷದ ನಂತರ, ಮೂವತ್ತಮೂರಕ್ಕೆ, ಎರಡು. ಆರ್ವಿಡ್ ಕುರ್ಚಿ ಹುಡುಕಿ ಕೂತ. ಯಾರೋ ಅವನನ್ನು ಹೆಸರು ಹಿಡಿದು ಕರೆದಂತೆ, ತಾನು ತಲೆಯೆತ್ತಿದಂತೆ ಅವನಿಗೆ ಅನ್ನಿಸಿತು, ಆದರೆ ಹಾಗೆ ಯಾರೂ ಕರೆದಿರಲಿಲ್ಲ. “ಹತ್ತೇ ನಿಮಿಷ ಇರ್ಲಾ?” ಎಂದ ವೆಂಡೆಲ್ ಹಿಂದಿನಿಂದ. “ಐದು ಮಾಡೋಣ್ವಾ? ಈಗ ಬೇಕಾದ್ರೆ ನೀನೇ ಬದಲಾಯಿಸಬಹುದು.” ಆರ್ವಿಡ್ ಯೋಚಿಸಿ, ಇರಲಿ ಎಂದ.

ಸ್ಟರ್ಜನ್ ಅನ್ನು ಆರಿಸುವ ದಿನವನ್ನು ಹಿಮ ಕರಗಿದ ಮೇಲಕ್ಕೆ ಮುಂದೂಡಲಾಯಿತು. ಆ ಗುರುವಾರದ ದಾಖಲೆಯಲ್ಲಿ ನಾಲ್ಕು ಅಳತೆಗಳಿಲ್ಲ.